ಐಸ್ ಹೊತ್ತು ಓಡಿದ ಹಣ್ಣಿನ ಬೋಗಿ

ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯಾ ರಾಜ್ಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಬಂದವರು ಮುತ್ತಿಕೊಳ್ಳುವುದು ಮಿರಮಿರ ಮಿಂಚುವ ಉಗಿ ಎಂಜಿನ್‌ಗಳನ್ನು. ನನ್ನ ಕಾಲು ನಿಂತದ್ದು ಫ್ರೂಟ್ ಗ್ರೋಯರ್ಸ್ ಎಕ್ಸ್‌ಪ್ರೆಸ್ ಕಂಪನಿಯ 35832ನೇ ನಂಬರಿನ ಬೋಗಿಯ ಮುಂದೆ. ಹಣ್ಣು ಸಾಗಿಸಲೆಂದೇ ಕಟ್ಟಿದ ತಂಪು ಬೋಗಿಯಿದು. ಆದರೆ ಈ ಬಗೆಯ ಬೋಗಿಗಳಲ್ಲಿ ತಂಪು ಮಾಡುವ ಯಂತ್ರವೇ ಇರುತ್ತಿರಲಿಲ್ಲ.

ಗುಟ್ಟು ಇರುವುದು ಎರಡು ತುದಿಗಳಲ್ಲಿ. ಅಲ್ಲಿ ಐಸ್ ತುಂಬುವ ಗೂಡುಗಳು, ಮೇಲೆ ಚಾವಣಿಯಲ್ಲಿ ಅವುಗಳ ಮುಚ್ಚಳಗಳು. ಐಸಿಗೆ ತಾಗಿ ತಣಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ನೆಲದಿಂದ ತುಸು ಎತ್ತರಿಸಿದ ಮರದ ಪಟ್ಟಿಗಳ ಅಡಿಯಲ್ಲಿ ಹರಿಯುತ್ತದೆ, ಹಣ್ಣಿನ ಪೆಟ್ಟಿಗೆಗಳ ಬಿಸಿಯನ್ನು ಎತ್ತಿಕೊಂಡು ಮೇಲೇರಿ ಮತ್ತೆ ಗೂಡು ಸೇರುತ್ತದೆ. ಒಂದು ಕಿಲೋ ಐಸ್ ಕರಗಿ ನೀರಾಗುವಾಗ ಸುಮಾರು 80 ಕಿಲೋ ಕ್ಯಾಲೊರಿ ಶಾಖ ಹೀರುತ್ತದೆ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತಲೇ ಇರುವುದರಿಂದ ಅದರ ಶಾಖವೂ ಸೇರುತ್ತಿತ್ತು. ಗೋಡೆಗಳ ನಡುವೆ ದಪ್ಪನೆಯ ಶಾಖನಿರೋಧಕ ತುಂಬಿದ್ದು ಹೊರಗಿನ ಬಿಸಿಲನ್ನು ತಡೆಯಲು. ಮಾಂಸ ಸಾಗಿಸಲು ಇನ್ನೂ ಹೆಚ್ಚಿನ ತಂಪು ಬೇಕಿತ್ತು; ಅದಕ್ಕಾಗಿ ಹಳೆಯ ಕಾಲದ ಕೈತಿರುವಿನ ಐಸ್‌ಕ್ರೀಂ ಪೀಪಾಯಿಗೆ ಹಾಕುತ್ತಿದ್ದಂತೆ ಐಸಿಗೆ ಉಪ್ಪು ಬೆರೆಸುತ್ತಿದ್ದರು.

ಹಾಗಾದರೆ ಯಂತ್ರ ಎಲ್ಲಿತ್ತು? ಸುಮಾರು 30 ಕಿ.ಮೀ. ದೂರದ ರೋಸ್‌ವಿಲ್‌ನಲ್ಲಿ. 1906ರಲ್ಲಿ ಹುಟ್ಟಿದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಇನ್ನೊಂದು ಕಂಪನಿ 1909ರಲ್ಲಿ ಅಲ್ಲಿ ಐಸ್ ಕಾರ್ಖಾನೆ ತೆರೆಯಿತು. ಕಂಪ್ರೆಸರ್ ಅಮೋನಿಯಾ ಅನಿಲವನ್ನು ಒತ್ತುತ್ತದೆ. ಬಿಸಿಯಾದ ಅನಿಲ ಆ ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಒತ್ತಡ ಇಳಿಸಿದೊಡನೆ ಅದೇ ದ್ರವ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೇ ಕುದಿದು, ಸುತ್ತಲಿನ ಉಪ್ಪುನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಡಬ್ಬಗಳ ಸಿಹಿನೀರು ಹೆಪ್ಪುಗಟ್ಟುತ್ತದೆ. ನಮ್ಮ ಮನೆಯ ಫ್ರಿಜ್ಜಿನದ್ದೂ ಇದೇ ತತ್ತ್ವ. ಈ ಕಾರ್ಖಾನೆಗೂ ಮುಂಚೆ ಸಿಯೆರಾ ಬೆಟ್ಟಗಳ ಟ್ರಕೀ ಕಡೆಯಲ್ಲಿ ಚಳಿಗಾಲದಲ್ಲಿ ಕೊಯ್ದಿಟ್ಟ ನೈಸರ್ಗಿಕ ಐಸೇ ಗತಿ.

ಹಣ್ಣು ಖಂಡದ ಪೂರ್ವ ತುದಿ ತಲುಪಲು ಒಂದು ಸಲ ತುಂಬಿದ ಐಸ್ ಸಾಲದು. ದಾರಿಯುದ್ದಕ್ಕೂ ಐಸ್ ನಿಲ್ದಾಣಗಳು, ಹಳಿಯ ಪಕ್ಕ ಚಾವಣಿಯೆತ್ತರದ ಉದ್ದನೆಯ ಕಟ್ಟೆಗಳು. ಹೊತ್ತಿಲ್ಲದ ಹೊತ್ತಿನಲ್ಲಿ ಕೊಕ್ಕೆಗೋಲು ಹಿಡಿದ ಕೂಲಿಯಾಳುಗಳು 300 ಪೌಂಡು, ಅಂದರೆ 136 ಕಿಲೋ ತೂಗುವ ಗಡ್ಡೆಗಳನ್ನು ಜಾರಿಸಿ, ಒಡೆದು ಗೂಡಿಗಿಳಿಸುತ್ತಿದ್ದರು. ನ್ಯೂಯಾರ್ಕಿನ ಊಟದ ಮೇಜಿಗೆ ಕ್ಯಾಲಿಫೋರ್ನಿಯಾದ ಹಣ್ಣು ತಲುಪಿಸಿದವರು ಇವರು. ಎಂಜಿನ್‌ಗೆ ಸಲ್ಲುವಷ್ಟೇ ಗೌರವ ಇವರಿಗೂ ಸಲ್ಲಬೇಕು.

1950ರ ದಶಕದಿಂದ ಡೀಸೆಲ್ ಚಾಲಿತ ತಂಪುಯಂತ್ರ ಬೋಗಿಯನ್ನೇ ಏರಿತು; 1970ರ ದಶಕದ ಹೊತ್ತಿಗೆ ಐಸ್ ಕಟ್ಟೆಗಳ ಕೆಲಸ ಮುಗಿಯಿತು.

ಬೇ ಏರಿಯಾದ ಕನ್ನಡಿಗರು, ಅಲ್ಲಿಗೆ ಮಕ್ಕಳ ಮನೆಗೆ ಬಂದ ಹಿರಿಯರು ಸ್ಯಾನ್ ಹೊಸೆಯಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹಿಡಿದು ಸ್ಯಾಕ್ರಮೆಂಟೊದಲ್ಲಿ ಇಳಿದರೆ ಸಾಕು, ವಸ್ತುಸಂಗ್ರಹಾಲಯ ನಡೆದು ಹೋಗುವಷ್ಟೇ ದೂರ. ಎಂಜಿನ್‌ಗಳನ್ನು ನೋಡಿದ ಮೇಲೆ ಈ ಬೋಗಿಯನ್ನು ಬಿಟ್ಟು ಬರಬೇಡಿ.