ಲೋಬಾನದ ‘ಲೋ’ ಕಳಚಿದ್ದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆಂಡಕ್ಕೆ ಬರವಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆದರೆ ಚಿಪ್ಪು ರಾಶಿ ಬೀಳುತ್ತದೆ. ಇದ್ದಿಲಿಗೆ ಮಾರಿ ಮಿಕ್ಕದ್ದು ನೀರೊಲೆಗೆ. ಮಗುವಿಗೆ ಎಣ್ಣೆನೀರು ಹಾಕಿದ ದಿನ ಅದೇ ಒಲೆಯ ನಾಲ್ಕು ಕೆಂಡ ತೆಗೆದು, ಮೇಲೊಂದು ಚಿಟಿಕೆ ಸಾಂಬ್ರಾಣಿ ಪುಡಿ ಉದುರಿಸುತ್ತಾರೆ. ಬಾಣಂತಿಯ ಒದ್ದೆ ಕೂದಲಿಗೂ ಅದೇ ಹೊಗೆ. ದರ್ಗಾಗಳಲ್ಲಿ ಇದಕ್ಕೆ ಲೋಬಾನ ಎನ್ನುತ್ತಾರೆ. ಇಂಗ್ಲಿಷಿನವರ ‘ಬೆಂಜೊಯಿನ್’ ಹುಟ್ಟಿದ್ದು ಈ ಲೋಬಾನದ ಮೂಲದಿಂದಲೇ.

ಸಾಂಬ್ರಾಣಿ ನಮ್ಮ ತೋಟದ ಬೆಳೆಯಲ್ಲ. ಸುಮಾತ್ರಾದಲ್ಲಿ ಸ್ಟೈರಾಕ್ಸ್ ಮರದ ತೊಗಟೆಗೆ ಕಚ್ಚು ಹಾಕುತ್ತಾರೆ. ಒಸರಿದ ರಸ ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಅಸಲಿ ಹೆಂಟೆಯೊಂದನ್ನು ಒಡೆದು ನೋಡಬೇಕು: ಕೆಂಗಂದು ಅಂಟಿನ ನಡುವೆ ಬಾದಾಮಿ ಚೂರಿನಂಥ ಬಿಳಿ ತುಣುಕುಗಳು ಹುದುಗಿರುತ್ತವೆ.

ಅರಬ್ಬರ ‘ಲುಬಾನ್’ ಮೊದಲಿಗೆ ಅವರ ನಾಡಿನದೇ ಬೇರೊಂದು ಮರದ ಧೂಪ. ಪೂರ್ವದ ದ್ವೀಪಗಳಿಂದ ಬಂದ ಈ ಅಂಟನ್ನು ಅವರು ‘ಲುಬಾನ್ ಜಾವಿ’, ಅಂದರೆ ಜಾವಾದ ಲುಬಾನ್ ಎಂದರು. ಆಗ ಸುಮಾತ್ರಾಕ್ಕೂ ಜಾವಾ ಎಂದೇ ಹೆಸರಿತ್ತು. ಹೊನ್ನಾವರ, ಮಂಗಳೂರುಗಳನ್ನು ಕಂಡು ಮುಂದೆ ಸುಮಾತ್ರಾಕ್ಕೂ ಹೋದ 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಈ ಲುಬಾನನ್ನು ಹೆಸರಿಸಿದ್ದಾನೆ.

ಸರಕು ಮೆಡಿಟರೇನಿಯನ್ ಬಂದರು ಮುಟ್ಟಿದಾಗ ಎಡವಟ್ಟಾಯಿತು. ಅಲ್ಲಿನ ಕೆಲವು ಭಾಷೆಗಳಲ್ಲಿ ನಾಮಪದಕ್ಕೆ ಮೊದಲು ‘ಲೋ’ ಎಂಬ ಉಪಪದ ಬರುತ್ತದೆ, ಇಂಗ್ಲಿಷಿನಲ್ಲಿ ‘ದಿ’ ಬರುವ ಹಾಗೆ. ‘ಲುಬಾನ್ ಜಾವಿ’ಯ ಮೊದಲಕ್ಷರವೂ ಅದೇ ಇರಬೇಕೆಂದು ಬಗೆದು ಅದನ್ನು ಕಳಚಿಬಿಟ್ಟರು. ಉಳಿದ ‘ಬಾನ್ ಜಾವಿ’ ಫ್ರೆಂಚರಲ್ಲಿ ‘ಬೆಂಜ್ವಾಂ’ ಆಯಿತು, ಇಂಗ್ಲಿಷರಲ್ಲಿ ‘ಬೆಂಜೊಯಿನ್’. ಕೆಲವರು ಮನುಷ್ಯನ ಹೆಸರಿಟ್ಟು ‘ಬೆಂಜಮಿನ್ ಅಂಟು’ ಎಂದೂ ಕರೆದರು! ಯುರೋಪು ಬಿಸಾಡಿದ ಆ ಮೊದಲಕ್ಷರ ನಮ್ಮ ದರ್ಗಾಗಳ ಲೋಬಾನದಲ್ಲಿ ಇಂದಿಗೂ ಗಟ್ಟಿಯಾಗಿದೆ.

ತಲೆ ಕಳೆದುಕೊಂಡ ಪದ ಅಲ್ಲಿಗೇ ನಿಲ್ಲಲಿಲ್ಲ. ಸಾಂಬ್ರಾಣಿಯನ್ನು ಕಾಯಿಸಿದಾಗ ಸಿಕ್ಕ ಆಮ್ಲ ಬೆಂಜೊಯಿಕ್ ಆಮ್ಲವಾಯಿತು. 1833ರ ಹೊತ್ತಿಗೆ ಜರ್ಮನಿಯ ಐಲ್ಹಾರ್ಡ್ ಮಿಚೆರ್ಲಿಖ್ ಆ ಆಮ್ಲವನ್ನು ಸುಣ್ಣದೊಂದಿಗೆ ಕಾಯಿಸಿ ಪಡೆದ ದ್ರವಕ್ಕೆ ‘ಬೆಂಜಿನ್’ ಎಂದ. ಮೈಕೆಲ್ ಫ್ಯಾರಡೆ 1825ರಲ್ಲೇ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದ ಅದೇ ದ್ರವ ಇಂದಿನ ಬೆಂಜೀನ್. ಆ ಆಮ್ಲದ ಲವಣ ಸೋಡಿಯಂ ಬೆಂಜೊಯೇಟ್ ಈಗ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಕೆಡದಿರಲೆಂದು ಅದನ್ನು ಬೆರೆಸಿದ ಉಪ್ಪಿನಕಾಯಿ ಬಾಟಲಿಯ ಚೀಟಿಯ ಮೇಲೆ 211 ಎಂಬ ಸಂಖ್ಯೆ ಇರುತ್ತದೆ.