ಮಳೆ ಸುರಿದ ದಿನ ಧರ್ಮ ಹೇಳಿದ್ದೇನು?

“ಇಷ್ಟೇ ನೀರಲ್ವಾ ಉಸ್ತಾದರೇ, ದಾಟಿ ಹೋಗ್ತೇವೆ.” ಮಳೆಗಾಲದಲ್ಲಿ ಮಕ್ಕಳನ್ನು ಬೈಕಿನಲ್ಲಿ ಮದ್ರಸಕ್ಕೆ ಬಿಡಲು ಬರುವವರ ಬಾಯಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ.

ಘಟಪ್ರಭಾ ನದಿಯ ಬದಿಯಲ್ಲಿರುವ ಗೋಕಾಕ, ಮೂಡಲಗಿ ಕಡೆಯವರು ಈ ಮಾತನ್ನು ಸುಲಭಕ್ಕೆ ಆಡಲಾರರು. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಗೋಕಾಕ ಹತ್ತಿರದ ಲೋಳಸೂರು ಸೇತುವೆಯೇ ಮುಳುಗಿತ್ತು. ಮಸಗುಪ್ಪಿಯಂಥ ಹೊಳೆದಂಡೆಯ ಊರುಗಳಿಗೆ ಮಳೆಗಾಲ ಬಂತೆಂದರೆ ಆತಂಕ. ಆದರೂ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಡುವಾಗ ಮುನ್ನೆಚ್ಚರಿಕೆ ಕೊಡಲು ಸಮಯವಿರುತ್ತದೆ. ಗುಡುಗು ಮಳೆಯ ನೆರೆಗೆ ಆ ಸಮಯವೂ ಇಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಲುಕಿ ಯುವತಿಯೊಬ್ಬಳು ಪ್ರಾಣ ಕಳಕೊಂಡಳು. 2018ರ ಮೇ 29ರಂದು ನಮ್ಮ ಮಂಗಳೂರು ಒಂದೇ ದಿನದ ಮಳೆಗೆ ಮುಳುಗಿದ್ದು ಯಾರಿಗೆ ಮರೆತಿದೆ?

ಹರಿಯುವ ನೀರು ಅರ್ಧ ಅಡಿ ಇದ್ದರೂ ನಿಂತವನ ಕಾಲು ತಪ್ಪಿಸಬಲ್ಲದು. ಒಂದು ಅಡಿ ನೀರಿಗೆ ಸಣ್ಣ ಕಾರು ತೇಲಬಹುದು, ಎರಡು ಅಡಿಗೆ ದೊಡ್ಡ ವಾಹನವೂ ಕೊಚ್ಚಿ ಹೋಗಬಹುದು. ಕೆಂಪು ನೀರಿನಡಿ ಮೋರಿ ಕುಸಿದಿದೆಯೋ ಇಲ್ಲವೋ ಕಾಣುವುದೂ ಇಲ್ಲ.

“ಅಲ್ಲಾಹನ ಮೇಲೆ ಭರವಸೆ ಇಟ್ಟು ಹೋಗುವುದು” ಎನ್ನುತ್ತಾರೆ ಕೆಲವರು. ಒಂಟೆಯನ್ನು ಕಟ್ಟಿ, ಮತ್ತೆ ಭರವಸೆ ಇಡು ಎಂದು ಕಲಿಸಿದವರು ನಮ್ಮ ಪ್ರವಾದಿ (ಸ.ಅ). ಜೋರು ಮಳೆಯ ಒಂದು ಜುಮಾ ದಿನ ಇಬ್ನು ಅಬ್ಬಾಸ್ (ರ) ಅವರು, ಮನೆಗಳಲ್ಲೇ ನಮಾಝ್ ಮಾಡಿ ಎಂದು ಆಝಾನ್‌ನಲ್ಲೇ ಕೂಗಿಸಿದ್ದು ಬುಖಾರಿಯಲ್ಲಿದೆ. ಜನ ಆಶ್ಚರ್ಯಪಟ್ಟಾಗ, ಪ್ರವಾದಿಯವರೂ ಹೀಗೇ ಮಾಡಿದ್ದಾರೆ ಎಂದರು. ಕೆಸರು ಮಳೆಗೆ ಜುಮಾಕ್ಕೇ ರಿಯಾಯಿತಿ ಇರುವಾಗ, ಅಂಗಡಿಗೋ ಮದುವೆಗೋ ತೋಡು ದಾಟಿ ಹೋಗುವ ತುರ್ತೇನು?

ಹಾಗಾಗಿ, ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ತಿರುಗಿಸಿ. ಅಂಡರ್‌ಪಾಸ್‌ಗೆ ಇಳಿಯಬೇಡಿ. ನೀರಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡುತ್ತಾ ಕೂರದೆ, ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ ಕೂಡಲೇ ಹೊರಬನ್ನಿ. ಗುಡುಗು ಕೇಳಿದರೆ ಮರದಡಿ ನಿಲ್ಲದೆ ಕಟ್ಟಡದೊಳಗೆ ಸೇರಿ. ತುರ್ತಿಗೆ 112ಕ್ಕೆ ಕರೆ ಮಾಡಿ.

ಮೋರಿ ಮುಳುಗಿದ್ದರೆ ಮಸೀದಿಯ ಮೈಕಿನಲ್ಲೇ ಊರಿಗೆ ತಿಳಿಸೋಣ. ಅಂಥ ದಿನ ಮಗು ತಡವಾಗಿ ಬಂದರೂ, ಬಾರದಿದ್ದರೂ ನಾವು ಉಸ್ತಾದರು ಗದರಿಸುವುದು ಬೇಡ. ತಪ್ಪಿದ ಪಾಠ ನಾಳೆ ಹೇಳಿಕೊಡಬಹುದು. ಮಗು ಬೇಕಲ್ಲ!

ಮಳೆ ರಹ್ಮತ್. ಅದನ್ನು ಮುಸೀಬತ್ ಮಾಡಿಕೊಳ್ಳದಿರೋಣ. ಅಲ್ಲಾಹನು ಎಲ್ಲರನ್ನೂ ಕಾಪಾಡಲಿ, ಆಮೀನ್.