ಚಾರಣಕ್ಕೆ ಬೇಕಾದ ಸಿದ್ಧತೆ

ಆಲುವದಿಂದ ಪೆರಿಯಾರ್ ನದಿಯ ದಂಡೆ ಹಿಡಿದು ಮೇಲಕ್ಕೆ ಸಾಗಿದರೆ ಶಂಕರಾಚಾರ್ಯರ ಜನ್ಮಸ್ಥಳವಾದ ಕಾಲಡಿ ದೊರೆಯುತ್ತದೆ. 1910ರಲ್ಲಿ ಶೃಂಗೇರಿಯ ಜಗದ್ಗುರುಗಳು ಅಲ್ಲಿ ಶಾರದಾಂಬೆಯನ್ನು ಪ್ರತಿಷ್ಠಾಪಿಸಿದಂದಿನಿಂದ ಕನ್ನಡಿಗರಿಗೂ ಆ ಊರು ಆಪ್ತವಾಗಿದೆ. ಕಾಲ್ನಡಿಗೆಯಲ್ಲಿಯೇ ಭಾರತವನ್ನು ಸುತ್ತಿದರೆಂದು ಪರಂಪರೆ ಹೇಳುವ ಆ ಯತಿವರ್ಯರ ಕೈಯಲ್ಲಿದ್ದುದು ದಂಡ ಮತ್ತು ಕಮಂಡಲು. ಎಂದರೆ ಊರಲು ಒಂದು ಕೋಲು, ಕುಡಿಯಲು ನೀರು. ಇಂದು ಅಂಗಡಿಗಳಲ್ಲಿ ಚಾರಣದ ಸಲಕರಣೆಗಳು ನೂರಾರು ಬಗೆಯಾಗಿ ದೊರೆಯುತ್ತಿದ್ದರೂ ಈ ಎರಡಕ್ಕೆ ಮೊದಲ ಸ್ಥಾನ ತಪ್ಪಿಲ್ಲ. ಇವುಗಳ ಜೊತೆಗೆ ಮೂರನೆಯದೊಂದು ಅಗತ್ಯ. ಅದು ಹಣ ಕೊಟ್ಟು ಕೊಳ್ಳಲಾಗದ್ದು: ಹಗಲಿನ ಲೆಕ್ಕ.

ಕೇರಳದಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೆಟ್ಟಗಳು ದೂರವಲ್ಲ. ಆಲುವದಿಂದ ಹೊರಡುವ ರಸ್ತೆಯೇ ಮುನ್ನಾರಿಗೆ ಏರುತ್ತದೆ. ಅಲ್ಲಿ 2,695 ಮೀಟರ್ ಎತ್ತರದ, ದಕ್ಷಿಣ ಭಾರತದ ಅತ್ಯುನ್ನತ ಶಿಖರವಾದ ಆನಮುಡಿ ಇದೆ; 2,640 ಮೀಟರಿನ ಮೀಶಪುಲಿಮಲೆ ಇದೆ. ತಿರುವನಂತಪುರದ ಕಡೆಯವರಿಗೆ 1,868 ಮೀಟರಿನ ಅಗಸ್ತ್ಯಕೂಡಂ ಇದೆ. ಅಗಸ್ತ್ಯಕೂಡಂ ಏರಲು ವರ್ಷಾರಂಭದ ಕೆಲವು ವಾರಗಳಲ್ಲಿ ಅರಣ್ಯ ಇಲಾಖೆಯು ಮಿತ ಸಂಖ್ಯೆಯಲ್ಲಿ ಅನುಮತಿ ನೀಡುತ್ತದೆ. ಉಚ್ಚ ನ್ಯಾಯಾಲಯದ ತೀರ್ಪಿನ ತರುವಾಯ 2019ರಿಂದ ಮಹಿಳೆಯರಿಗೂ ಶಿಖರದ ದಾರಿ ತೆರೆದಿದೆ. ಅನುಮತಿಯೆಂದರೆ ಬರಿಯ ಕಾಗದವೆಂದು ಭಾವಿಸುವುದು ತಪ್ಪು. ಹೋದವರ ಹೆಸರು ದಾಖಲೆಯಲ್ಲಿರುತ್ತದೆ, ದಾರಿ ಬಲ್ಲವರು ಜೊತೆಗಿರುತ್ತಾರೆ, ಹೊತ್ತಿಗೆ ಹಿಂದಿರುಗದಿದ್ದರೆ ಹುಡುಕಬೇಕಾದ ದಿಕ್ಕು ತಿಳಿದಿರುತ್ತದೆ.

ದಾರಿ ತಪ್ಪಿದವನಿಗೆ ಮೊದಲು ಬರುವ ಸಂಕಟ ಯಾವುದೆಂಬುದನ್ನು ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಘಟನೆ ತೋರಿಸಿಕೊಟ್ಟಿತು. 2022ರ ಫೆಬ್ರವರಿ 7ರಂದು ಗೆಳೆಯರೊಡನೆ ಅಲ್ಲಿನ ಕುರುಂಬಾಚ್ಚಿ ಬೆಟ್ಟವನ್ನು ಏರಿದ 23 ವರ್ಷದ ಯುವಕನೊಬ್ಬ ಇಳಿಯುವಾಗ ಜಾರಿ, ಕಡಿದಾದ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ. ಅನ್ನವಿಲ್ಲದೆ, ನೀರಿಲ್ಲದೆ, ಹಗಲ ಬಿಸಿಲು ಇರುಳ ಚಳಿಗಳಲ್ಲಿ 40 ಗಂಟೆಗಳಿಗೂ ಮಿಕ್ಕಿ ಕುಳಿತಿದ್ದ ಆತನನ್ನು ಫೆಬ್ರವರಿ 9ರಂದು ಭೂಸೇನೆಯ ಪರ್ವತಾರೋಹಿಗಳು ಹಗ್ಗದ ನೆರವಿನಿಂದ ತಲುಪಿ, ಮೊದಲು ನೀರು ಕುಡಿಸಿ, ಬಳಿಕ ಮೇಲಕ್ಕೆತ್ತಿದರು. ಅವನ ಯೌವನವೂ ಧೈರ್ಯವೂ ಅವನನ್ನು ಕಾಪಾಡಿದವು. ಆದರೆ ಎಲ್ಲರಿಗೂ ಅಂತಹ ಅದೃಷ್ಟ ಒದಗದು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಏರುವುದಕ್ಕಿಂತ ಇಳಿಯುವುದು ಅಪಾಯಕರವೆಂಬುದು ಮೊದಲನೆಯದು. ಇಳಿಯುವಾಗ ಕಾಲು ದಣಿದಿರುತ್ತದೆ, ಮನಸ್ಸು ಮನೆಯ ಕಡೆಗಿರುತ್ತದೆ, ಬೆಳಕು ಕುಂದುತ್ತಿರುತ್ತದೆ. ಕೋಲು ನಿಜವಾಗಿ ಬೇಕಾಗುವುದು ಆಗ. ಅರ್ಧ ದಿನದ ನಡಿಗೆಯೆಂದು ಹೊರಟರೂ ರಾತ್ರಿ ಕಳೆಯಬೇಕಾಗಬಹುದೆಂಬುದು ಎರಡನೆಯದು. ಆದುದರಿಂದ ಟಾರ್ಚು, ಬೆಚ್ಚನೆಯ ಅಂಗಿ, ಮಳೆಯಂಗಿ, ವಿಷಲ್, ಬೆಂಕಿಪೊಟ್ಟಣ ಇವು ಚೀಲದಲ್ಲಿ ಸದಾ ಇರತಕ್ಕವು. ಆದರೆ ಒಣಗಿದ ಕಾಡಿನಲ್ಲಿ ಬೆಂಕಿ ಹಚ್ಚುವುದು ಸರ್ವಥಾ ಸಲ್ಲದು.

ಹಗಲಿನ ಲೆಕ್ಕಕ್ಕೆ ಸ್ಕಾಟ್‌ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಸೂತ್ರವೊಂದನ್ನು ಕೊಟ್ಟ. ಸ್ಥೂಲವಾಗಿ ಹೇಳುವುದಾದರೆ, 5 ಕಿಲೋಮೀಟರಿಗೆ ಒಂದು ಗಂಟೆ. ಪ್ರತಿ 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ. ಹೋಗಿಬರಲು 12 ಕಿಲೋಮೀಟರ್, ಏರಿಕೆ 900 ಮೀಟರ್ ಎಂದಿಟ್ಟುಕೊಂಡರೆ ಸುಮಾರು 4 ಗಂಟೆಯಾಯಿತು. ಇದು ನಡಿಗೆಯಲ್ಲಿ ಪಳಗಿದವರ ಲೆಕ್ಕ. ವಿಶ್ರಾಂತಿಯ ವೇಳೆ ಇದರಲ್ಲಿ ಸೇರಿಲ್ಲ. ನಡುವಯಸ್ಸಿನವರು ನಮ್ಮ ಕಾಡುದಾರಿಗಳಲ್ಲಿ ಇದನ್ನು ಇಮ್ಮಡಿಯಾಗಿ ಎಣಿಸುವುದು ಕ್ಷೇಮ. ಹೊರಡುವ ಮುನ್ನವೇ ಹಿಂದಿರುಗುವ ಗಂಟೆಯನ್ನು ನಿಶ್ಚಯಿಸಿಕೊಳ್ಳಬೇಕು. ಆ ಗಂಟೆಯಾದಾಗ ಶಿಖರ ಕಣ್ಣೆದುರಿಗೇ ಇದ್ದರೂ ಹಿಂದಿರುಗಬೇಕು. ತಂಡದಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವೆಂಬುದನ್ನೂ ಮರೆಯಲಾಗದು.

ಉಡುಪಿನ ವಿಷಯದಲ್ಲಿ ಎತ್ತರವನ್ನು ಗಮನಿಸಬೇಕು. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆಲುವದಲ್ಲಿ 32 ಡಿಗ್ರಿ ಸೆಕೆಯಿದ್ದಾಗ ಮೀಶಪುಲಿಮಲೆಯ ನೆತ್ತಿಯಲ್ಲಿ 15ರ ಆಸುಪಾಸಿನಲ್ಲಿರಬಹುದು. ಬೆವರಿನಿಂದ ತೊಯ್ದ ಹತ್ತಿಯ ಬಟ್ಟೆ ಬೇಗ ಒಣಗದೆ, ಗಾಳಿ ಬೀಸಿದಾಗ ಮೈಯ ಕಾವನ್ನೆಲ್ಲ ಹೀರಿಬಿಡುತ್ತದೆ. ಬದಲಿಸಲು ಒಣ ಬಟ್ಟೆಯೂ ಕಾಲುಚೀಲವೂ ಇರಲಿ. ಹೊಸ ಬೂಟು ತೊಟ್ಟು ಬೆಟ್ಟಕ್ಕೆ ಹೋಗಬಾರದು. ಎರಡು ಮೂರು ವಾರ ಊರಿನಲ್ಲಿ ನಡೆದು ಪಳಗಿಸಿದ ಬೂಟು ಮಾತ್ರ ಬೊಕ್ಕೆ ಎಬ್ಬಿಸದು. ಬೆನ್ನುಚೀಲದ ಭಾರ ದೇಹತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ. ಭಾರವಾದ ವಸ್ತುಗಳು ಬೆನ್ನಿಗೆ ತಾಗಿರುವಂತೆ ತುಂಬಬೇಕು.

ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ್ಗೆ ಗುಟುಕು ನೀರು ಕುಡಿಯುತ್ತಿರಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕರಗಿಸಿದರೆ, ವಾಂತಿಭೇದಿಯಾದಾಗಲೂ ಅತಿಯಾಗಿ ಬೆವರಿದಾಗಲೂ ಉಪಕಾರಿ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಕಡಲೆಬೀಜಗಳಿಗಿಂತ ಉತ್ತಮವಾದ ಬುತ್ತಿ ಬೇಕಿಲ್ಲ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಸಲ್ಲದು; ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ಮಾರ್ಗ.

ರಜೆಯಲ್ಲಿ ಊರಿಗೆ ಹೋಗಿ ಮಲೆನಾಡಿನ ಬೆಟ್ಟಗಳನ್ನು ಏರುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅದರ ಕಾಲವೂ ಚಾರಣದ ಕಾಲವೂ ಬಹುಮಟ್ಟಿಗೆ ಒಂದೇ. ತುಂಬುತೋಳಿನ ಅಂಗಿ ತೊಟ್ಟು, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಬೇಕು. ಮರಳಿದೊಡನೆ ಸ್ನಾನ ಮಾಡಿ, ಮೈಯನ್ನೆಲ್ಲ ಪರೀಕ್ಷಿಸಬೇಕು. ಎರಡು ವಾರಗಳೊಳಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕೇರಳಕ್ಕೆ ಮರಳಿದ ಮೇಲೆ ಜ್ವರ ಬಂದರಂತೂ ಇದು ಇನ್ನೂ ಮುಖ್ಯ.

ಕುರ್ಚಿಯಲ್ಲಿ ಕುಳಿತು ದುಡಿಯುವವರು ತಿಂಗಳು ಮೊದಲೇ ದಿನಂಪ್ರತಿ ನಡೆಯುವ, ಮೆಟ್ಟಿಲು ಹತ್ತಿಳಿಯುವ ಅಭ್ಯಾಸ ಮಾಡಿಕೊಳ್ಳಬೇಕು. ಹೃದ್ರೋಗ, ಮಧುಮೇಹ, ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆ ಪಡೆದೇ ಹೊರಡತಕ್ಕದ್ದು. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುವೆವೆಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಲು ಕಾಸಿನ ಖರ್ಚಿಲ್ಲ. ಬೆಟ್ಟವೇನೂ ಓಡಿಹೋಗುವುದಿಲ್ಲ, ಈ ವರ್ಷ ಅರ್ಧದಾರಿಯಿಂದ ಹಿಂದಿರುಗಿದವರು ಮುಂದಿನ ವರ್ಷ ಪೂರ್ತಿ ಏರಬಹುದು.